ತುಂಬಿ ಬಂದ ಡಬ್ಬಿಗಳು

ಖಾಲಿಯಾಗಿ ಬರಬೇಕಾದ ಡಬ್ಬಿಗಳು ತುಂಬಿಕೊಂಡು ಬರತೊಡಗಿದಾಗ ಬೆಟಗೇರಿಯ ವಿರಾಮ ಕೇಂದ್ರದಲ್ಲಿ ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಡಬ್ಬಿ ಅಳೆಯುವ ಮೀಟರು ಕೆಟ್ಟಿರಬೇಕೆಂದು ಕೇಂದ್ರದ ಮುಖ್ಯಸ್ಥರಾದ ದೇಸಾಯರು ಅದನ್ನು ಬದಲಾಯಿಸಿದರು. ಹೊಸ ಮೀಟರೂ ಅದನ್ನೇ ಹೇಳಿತು. ಆಗ ಅವರು ಹಳೆಯ ಮೀಟರನ್ನು ಕ್ಷಮೆ ಕೇಳುವವರಂತೆ ಒರೆಸಿ ಮತ್ತೆ ಜಾಗಕ್ಕಿಟ್ಟು, ಅಳತೆಯ ವಿಭಾಗ ನೋಡಿಕೊಳ್ಳುವ ನೀಲಾಂಬಿಕಾಳ ಮೇಜಿನ ಮುಂದೆ ಬಂದು ನಿಂತರು.

“ಇದೇನಂತ ನೀವ ನೋಡಿ ಹೇಳ್ರಿ, ನೀಲಾ. ನನಗಂತೂ ಬುಡಾನೂ ತಿಳೀವಲ್ಲದು, ತುದೀನೂ ತಿಳೀವಲ್ಲದು.”

ಡಬ್ಬಿ ಎಂದರೆ ಬುತ್ತಿ ಕಟ್ಟುವ ಡಬ್ಬಿಯಲ್ಲ. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು, ಅದಕ್ಕೊಂದು ಮೆತ್ತನೆಯ ಪಟ್ಟಿ. ಒಬ್ಬರ ನಿದ್ದೆಯನ್ನು ಹಿಡಿದಿಟ್ಟು ಇನ್ನೊಬ್ಬರಿಗೆ ಕೊಡಬಹುದೆಂದು ಗೊತ್ತಾದ ಮೇಲೆ, ಅದು ಮೊದಲು ಸಿಗಬೇಕಾದ್ದು ಚಿಕ್ಕ ಮಕ್ಕಳ ತಂದೆತಾಯಿಗೆ ಎಂದು ಮೇಲೆ ಕೂತ ಯಾರಿಗೋ ಹೊಳೆದಿತ್ತು. ಹಾಗೆ ಹೊಳೆದವರ ಮನೆಯಲ್ಲೂ ಒಂದು ಕೂಸು ಇದ್ದಿರಬೇಕು. ಬೆಟಗೇರಿಯ ಕೆಲವು ಓಣಿಗಳಲ್ಲಿ ಪ್ರಯೋಗ ಶುರುವಾಯಿತು. ವಾರಕ್ಕೊಮ್ಮೆ ಮನೆಗೊಂದು ಡಬ್ಬಿ ಹೋಗಬೇಕು, ಬಳಸಿದ ಮೇಲೆ ಕೇಂದ್ರಕ್ಕೆ ಮರಳಬೇಕು.

ಒಳಗಿನ ಕೆಲಸ ಅಂದುಕೊಂಡಷ್ಟು ಕಷ್ಟದ್ದಲ್ಲ. ಗಾಢ ನಿದ್ದೆಯಲ್ಲಿ ಮಿದುಳಿನ ಅಲೆಗಳು ನಿಧಾನವಾಗಿ, ದೊಡ್ಡದಾಗಿ ಏಳುತ್ತವೆ; ದಣಿದ ಮಿದುಳನ್ನು ತೊಳೆದು ಹಸನು ಮಾಡುವುದು ಅವೇ. ಡಬ್ಬಿಯೊಳಗಿನ ಹರಳು ಆ ಅಲೆಗಳನ್ನು ಹಿಡಿದಿಡುತ್ತದೆ. ಪಟ್ಟಿಯನ್ನು ಕಿವಿಯ ಹಿಂದೆ ಬರುವಂತೆ ಕಟ್ಟಿಕೊಂಡು ಮಲಗಿದರೆ ಇಡೀ ರಾತ್ರಿಯ ನಿದ್ದೆಯನ್ನು ಇಪ್ಪತ್ತು ನಿಮಿಷದಲ್ಲಿ ಒತ್ತಿ ಕೊಡುತ್ತದೆ. ಕೊಟ್ಟಹಾಗೆ ಹರಳು ಅಳಿಯುತ್ತ ಬಂದು ಕೊನೆಗೆ ಡಬ್ಬಿ ಖಾಲಿಯಾಗುತ್ತದೆ. ಪಕ್ಕದಲ್ಲೊಂದು ಪುಟ್ಟ ಗುಂಡಿ. ಈ ಕಡೆ ಸರಿಸಿದರೆ ಕೊಡುತ್ತದೆ, ಆ ಕಡೆ ಸರಿಸಿದರೆ ಹಳೆಯದೇನಿದ್ದರೂ ಅಳಿಸಿ ಹೊಸದನ್ನು ತುಂಬಿಕೊಳ್ಳುತ್ತದೆ.

ತುಂಬುವವರು ಕೇಂದ್ರದ ಹಿಂದಿನ ಹಾಸ್ಟೆಲಿನ ತರುಣರು. ಮಲಗುವುದೇ ಅವರ ನೌಕರಿ. ಮನೆಯಲ್ಲಿ ‘ಬರೇ ಬಿದ್ದಕೊಂಡಿರತಾನ’ ಎಂದು ಬೈಸಿಕೊಂಡೇ ಬೆಳೆದವರೆಲ್ಲ ಈಗ ನೇಮಕಾತಿಯ ಆದೇಶ ಹಿಡಿದು, ದಿಂಬು ಬಗಲಲ್ಲಿಟ್ಟುಕೊಂಡು ಬಂದಿದ್ದರು. ಆದರೆ ಅವರ ನಿದ್ದೆಯನ್ನು ಹಾಗೇ ಹಂಚುವಂತಿರಲಿಲ್ಲ. ಅಲೆಗಳ ನಡುವೆ ಅಲ್ಲೊಂದು ಇಲ್ಲೊಂದು ಮುಳ್ಳಿನಂಥ ಗೆರೆ ಏಳುತ್ತಿತ್ತು. ಅದು ಕಸ, ನಿದ್ದೆಯನ್ನು ತೆಳ್ಳಗೆ ಮಾಡುವ ಗದ್ದಲ ಎಂದು ಎಲ್ಲರೂ ಒಪ್ಪಿದ್ದರು. ಆ ಕಸ ತೆಗೆಯಲು ಒಂದು ಯಂತ್ರವಿತ್ತು, ಅದಕ್ಕೆ ಕೇಂದ್ರದಲ್ಲಿ ‘ಜರಡಿ’ ಎನ್ನುತ್ತಿದ್ದರು. ಆ ಜರಡಿಯ ಲೆಕ್ಕಾಚಾರವನ್ನೆಲ್ಲ ಹಾಕಿದವಳು ನೀಲಾಳೇ. ಅದರ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮರಳಿ ಬಂದ ಒಂದು ಡಬ್ಬಿಯನ್ನು ಅವಳು ಪರದೆಗೆ ಜೋಡಿಸಿದಳು. ಅಲೆಗಳು ಮೂಡಿದವು. ಹಾಸ್ಟೆಲಿನವರ ಅಲೆಗಳಷ್ಟು ಎತ್ತರವಿಲ್ಲ. ಮೈತುಂಬ ಮುಳ್ಳು, ಜಾಲಿಗಿಡದ ಹಾಗೆ. ಇನ್ನೊಂದು ಜೋಡಿಸಿದಳು, ಅದೂ ಹಾಗೆಯೇ.

“ಇದು ನಾವು ಕೊಟ್ಟ ನಿದ್ದಿ ಅಲ್ರಿ ಸರ್.”

“ಹಂಗಾರ ಯಾರದು?”

“ಗೊತ್ತಿಲ್ರಿ.”

“ಇನ್ನೂ ಒಂದು ಮಜಾ ನೋಡ್ರಿ,” ಎಂದು ದೇಸಾಯರು ಪಕ್ಕದ ಪರದೆ ತೋರಿಸಿದರು. ಪ್ರಯೋಗದಲ್ಲಿದ್ದ ಪ್ರತಿ ತಂದೆತಾಯಿಯ ಬೆರಳಿಗೂ ದಣಿವು ಅಳೆಯುವ ಒಂದು ಉಂಗುರ ಕೊಟ್ಟಿದ್ದರು. ದಣಿದವರದು ಕೆಂಪು, ಸುಧಾರಿಸಿದವರದು ಹಸಿರು. ಪರದೆಯ ಮೇಲೆ ನೇಕಾರರ ಓಣಿಗೆ ಓಣಿಯೇ ಹಸಿರಾಗಿತ್ತು. “ಔಷಧದ ಬಾಟಲಿ ತುಂಬಿದ್ದು ತುಂಬಿದಂಗ ವಾಪಸ್ ಬಂದದ, ರೋಗ ಮಾತ್ರ ವಾಸಿ ಆಗ್ಯದ. ಮೇಲಿನವರಿಗೆ ಏನಂತ ಹೇಳಲಿ? ಡಬ್ಬಿ ಬಳಸಲೇ ಇಲ್ಲ ಅಂತ ಕೇಂದ್ರ ಮುಚ್ಚತಾರ.”

ಅವರು ಮುಖ ಒರೆಸಿಕೊಂಡರು. ಪಾಪ, ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಕೊನೆಗಾಲದಲ್ಲಿ ಇಂಥ ಒಗಟು ಬೇಕಿರಲಿಲ್ಲ. ಕೊನೆಗೆ ತೀರ್ಮಾನ ಹೇಳಿದರು. “ಸೋಮವಾರ ಎಲ್ಲಾ ಡಬ್ಬಿ ಅಳಿಸಿಬಿಡೋಣ. ಮತ್ತ ಹೊಸದಾಗಿ ತುಂಬಿಸಿ, ಜರಡಿ ಹಿಡಿದು, ಗುಂಡಿಗೆ ಮೊಹರು ಹಾಕಿ ಕೊಡೋಣ. ಯಾರೂ ಆ ಕಡೆ ಈ ಕಡೆ ಸರಿಸಬಾರದು.”

ನೀಲಾ ಆಗಲಿ ಎಂದಳು. ದೇಸಾಯರು ಹೊರಟವರು ಅವಳ ಕೈ ನೋಡಿ ನಿಂತರು.

“ನಿಮ್ಮ ಉಂಗುರ ಇನ್ನೂ ಕೆಂಪ ಅದಲ್ಲ. ಡಬ್ಬಿ ತೊಗೊಳ್ಳಿಕ್ಕತ್ತೀರಿಲ್ಲೋ?”

“ತೊಗೊಳ್ಳಾಕತ್ತೀನ್ರಿ,” ಎಂದಳು ನೀಲಾ. ಅದು ಸುಳ್ಳಾಗಿತ್ತು.

ಅವಳು ಡಬ್ಬಿಯನ್ನು ಕಟ್ಟಿಕೊಂಡದ್ದು ಒಂದೇ ಸಲ, ಹೋದ ಶ್ರಾವಣದಲ್ಲಿ. ಮಗಳು ಚುಕ್ಕಿಗೆ ಇನ್ನೂ ಮೂರು ತುಂಬಿರಲಿಲ್ಲ. ಹುಟ್ಟಿದಾಗಿನಿಂದ ಅದಕ್ಕೆ ಉಬ್ಬಸ. ಯಾವಾಗ ಎದೆ ಬಿಗಿದು ಸುಯ್ಯೆಂದು ಸದ್ದು ಬರತೊಡಗುತ್ತದೆಂದು ಹೇಳುವಂತಿರಲಿಲ್ಲ. ಸದ್ದು ಕೇಳಿದ ಕೂಡಲೇ ಔಷಧದ ಹಬೆಯಂತ್ರ ಮುಖಕ್ಕೆ ಹಿಡಿದರೆ ಕೂಸು ಹಗುರಾಗುತ್ತಿತ್ತು. ಗಂಡ ಶಿವಯೋಗಿ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವವನು. ಅಂದು ಮಧ್ಯಾಹ್ನ ಅವನು ಕೆಲಸಕ್ಕೆ ಹೋಗಿದ್ದ, ಚುಕ್ಕಿ ಉಂಡು ಮಲಗಿತ್ತು. ನೀಲಾ ತನ್ನದೇ ಜರಡಿಯಲ್ಲಿ ಸೋಸಿ ಬಂದ ಡಬ್ಬಿಯನ್ನು ಕಟ್ಟಿಕೊಂಡು ಮಗಳ ಪಕ್ಕ ಒರಗಿದಳು. ಅಂಥ ನಿದ್ದೆಯನ್ನು ಅವಳು ಹುಟ್ಟಿದಮೇಲೆ ಮಾಡಿರಲಿಲ್ಲ.

ಎಚ್ಚರವಾದಾಗ ಚುಕ್ಕಿ ಪಕ್ಕದಲ್ಲಿರಲಿಲ್ಲ. ಪಕ್ಕದ ಮನೆಯ ಮಾಬೂಬಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹಬೆಯಂತ್ರ ಹಿಡಿದು ಕೂತಿದ್ದಳು. ಚುಕ್ಕಿಯ ತುಟಿ ನೀಲಿಗಟ್ಟಿ, ಆಗ ತಾನೇ ಕೆಂಪಿಗೆ ತಿರುಗುತ್ತಿತ್ತು.

“ಗ್ವಾಡಿ ಆಚೆ ಸದ್ದು ಕೇಳಿ ಓಡಿ ಬಂದೆ,” ಎಂದಿದ್ದಳು ಮಾಬೂಬಿ. “ಎಷ್ಟ ಅಳ್ಳಾಡಿಸಿದ್ರೂ ನೀ ಏಳಲಿಲ್ಲವಾ. ನಾನು ಅಂಜಿಬಿಟ್ಟೆ.”

ನೀಲಾಳಿಗೆ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಎರಡೂ ಕಣ್ಣು ಒಟ್ಟಿಗೆ ಮುಚ್ಚಲು ಅವಳಿಗೆ ಧೈರ್ಯವಾಗಲಿಲ್ಲ. ತಪ್ಪು ಡಬ್ಬಿಯದಲ್ಲ, ತನ್ನದೇ. ಬೇರೆ ತಾಯಂದಿರು ಸುಖವಾಗಿ ಬಳಸುತ್ತಿರಬೇಕಾದರೆ ತಾನೇ ಸರಿಯಿಲ್ಲ ಎಂದು ಅವಳು ನಂಬಿದ್ದಳು. ಕೇಂದ್ರದವರು ಮನೆಮನೆಗೆ ಹೋಗಿ ವಿಚಾರಿಸಿದಾಗ ಎಲ್ಲರೂ ‘ಚಲೋ ಐತ್ರಿ’ ಎಂದೇ ಹೇಳಿದ್ದರಲ್ಲ.

ಆದರೆ ನಿದ್ದೆಯಿಲ್ಲದೆ ಎಷ್ಟು ದಿನ ನಡೆದೀತು? ಮೊನ್ನೆ ಅವಳು ಹಬೆಯಂತ್ರಕ್ಕೆ ಚುಕ್ಕಿಯ ಔಷಧದ ಬದಲು ಗಂಡನ ಕಣ್ಣಿಗೆ ಹಾಕುವ ಔಷಧ ಸುರಿದಿದ್ದಳು. ಶಿವಯೋಗಿ ನೋಡಿ ಕೈ ಹಿಡಿಯದಿದ್ದರೆ ಏನಾಗುತ್ತಿತ್ತೋ. ಮಲಗಿದರೆ ಕೂಸಿಗೆ ಅಪಾಯ, ಮಲಗದಿದ್ದರೂ ಕೂಸಿಗೆ ಅಪಾಯ. ಇದರಿಂದ ಹೊರಗೆ ಬರುವ ದಾರಿ ಯಾವುದೆಂದು ಅವಳಿಗೆ ಕಾಣುತ್ತಿರಲಿಲ್ಲ.

“ನೀ ಮಕ್ಕೋ, ನಾ ನೋಡಕೋತೀನಿ,” ಎನ್ನುವನು ಶಿವಯೋಗಿ.

“ನೀವ ಮಕ್ಕೋರಿ. ನಾಳೆ ಮ್ಯಾಲ ಹತ್ತಬೇಕು, ಕಣ್ಣು ಜಡ ಆಗಿ ಕೈ ತಪ್ಪಿದ್ರ?”

“ನನಗ ನಿದ್ದಿ ಬಂದಿಲ್ಲ.”

“ನನಗೂ ಬಂದಿಲ್ರಿ.”

ಹೀಗೆ ಒಬ್ಬರಿಗೊಬ್ಬರು ನಿದ್ದೆಯನ್ನು ತಾಂಬೂಲದ ಹಾಗೆ ಮುಂದೆ ಮಾಡುತ್ತ, ಯಾರೂ ತೆಗೆದುಕೊಳ್ಳದೆ, ಇಬ್ಬರೂ ಎಚ್ಚರವಾಗಿಯೇ ಇರುತ್ತಿದ್ದರು. ಇಬ್ಬರ ಉಂಗುರವೂ ಕೆಂಪು. ಇದನ್ನು ಪ್ರೀತಿ ಎನ್ನಬೇಕೋ ಹಟ ಎನ್ನಬೇಕೋ, ಅವರಿಗೇ ಗೊತ್ತಿರಲಿಲ್ಲ.

ಇದರ ಜೊತೆಗೆ ಅಡಿಗೆಮನೆಯ ಗೋಡೆಯ ಮಾಡದಲ್ಲಿ ಮಾಬೂಬಿಯ ಮೂರು ಬೋಗೋಣಿಗಳು ಕೂತಿದ್ದವು. ರಂಜಾನಿಗೆ ಸುರಕುಂಬ ಕಳಿಸಿದ್ದು ಒಂದು, ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದಾಗ ಮಾದಲಿ ಕಳಿಸಿದ್ದು ಇನ್ನೊಂದು, ಸುಮ್ಮನೆ ಚುಕ್ಕಿಗೆಂದು ಗೋಧಿ ಹುಗ್ಗಿ ಕಳಿಸಿದ್ದು ಮೂರನೆಯದು. ನೀಲಾಳ ಮನೆಗೆ ಕಳಿಸಲೆಂದೇ ಮಾಬೂಬಿ ಬೇರೆ ಎತ್ತಿಟ್ಟ ಬೋಗೋಣಿಗಳು ಅವು. ಏನಾದರೂ ಮಾಡಿ ಹಾಕಿ ಮರಳಿಸಬೇಕು, ಆದರೆ ಮಾಡಲು ಪುರುಸೊತ್ತೂ ಇಲ್ಲ, ಕೈಯಲ್ಲಿ ತ್ರಾಣವೂ ಇಲ್ಲ. ಬರಿದೇ ಕೊಡುವುದಂತೂ ಸಾಧ್ಯವೇ ಇಲ್ಲ. ಶ್ರಾವಣದ ಆ ಮಧ್ಯಾಹ್ನದ ನಾಚಿಕೆ ಒಂದು ಕಡೆ, ಬೋಗೋಣಿಗಳ ನಾಚಿಕೆ ಇನ್ನೊಂದು ಕಡೆ. ಅವಳು ಮಾಬೂಬಿಯ ಮುಖ ತಪ್ಪಿಸಿ ಓಡಾಡುತ್ತಿದ್ದಳು.

ಶನಿವಾರ ಕೇಂದ್ರ ಅರ್ಧ ದಿನ. ಸೋಮವಾರ ಡಬ್ಬಿಗಳನ್ನು ಅಳಿಸುವ ಮುಂಚೆ ಒಮ್ಮೆ ಕಣ್ಣಾರೆ ನೋಡಿಬಿಡೋಣವೆಂದು ನೀಲಾ ನೇಕಾರರ ಓಣಿಗೆ ಹೋದಳು. ಓಣಿಯ ಬಾಯಿಗೆ ಬಂದವಳಿಗೆ ಏನೋ ತಪ್ಪಿದಂತಾಯಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮಗ್ಗದ ಸದ್ದಿರಲಿಲ್ಲ. ಅವಳು ಹುಟ್ಟಿ ಬೆಳೆದ ಬೆಟಗೇರಿಯಲ್ಲಿ, ಯಾರಾದರೂ ತೀರಿಕೊಂಡ ಹೊರತು, ನಡುಮಧ್ಯಾಹ್ನ ಮಗ್ಗ ನಿಂತದ್ದನ್ನು ಅವಳು ಕಂಡಿರಲಿಲ್ಲ.

ಯಾರೂ ತೀರಿಕೊಂಡಿರಲಿಲ್ಲ. ಒಂದು ಕಟ್ಟೆಯ ಮೇಲೆ ಮುದುಕಿಯೊಬ್ಬಳು ಓಣಿಯ ಪುಟ್ಟ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಹುರಿದ ಶೇಂಗಾ ಸುಲಿದು ಕೊಡುತ್ತಿದ್ದಳು. ನೀಲಾಳನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡದೆ ಹೋಗು ಎಂದು ಕೈಸನ್ನೆ ಮಾಡಿದಳು. ಅರೆ ತೆರೆದ ಬಾಗಿಲುಗಳ ಒಳಗೆ ಹೆಂಗಸರು ಚಾಪೆ ಹಾಸಿಕೊಂಡು ಮಲಗಿದ್ದರು. ಒಂದು ಮನೆಯಲ್ಲಿ ಗಂಡಸೊಬ್ಬನೂ ಮಗ್ಗದ ಬುಡದಲ್ಲೇ ಮಲಗಿದ್ದ. ಎಲ್ಲರ ತಲೆಗೂ ಪಟ್ಟಿ.

ಹಾಗಾದರೆ ಡಬ್ಬಿ ಬಳಸುತ್ತಿದ್ದಾರಲ್ಲ ಎಂದು ಅವಳಿಗೆ ಖುಷಿಯಾಯಿತು. ಬಾಗಿಲ ಹತ್ತಿರ ಮಲಗಿದ್ದವಳ ಡಬ್ಬಿಯನ್ನು ಬಗ್ಗಿ ನೋಡಿದಳು. ಗುಂಡಿ ತುಂಬುವ ಕಡೆಗಿತ್ತು. ಮುಂದಿನ ಮನೆಯಲ್ಲೂ ಹಾಗೇ. ದಣಿದ ತಾಯಂದಿರು ತಮಗೆ ಕೊಟ್ಟ ನಿದ್ದೆ ಬಿಟ್ಟು, ತಮ್ಮ ನಿದ್ದೆಯನ್ನೇ ಡಬ್ಬಿಗೆ ತುಂಬುತ್ತಿದ್ದರು. ಇದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಅವಳು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಮನೆಗೆ ಮರಳಿದಳು.

ಚುಕ್ಕಿಯನ್ನು ಶಿವಯೋಗಿಯ ಹತ್ತಿರವೇ ಬಿಟ್ಟು ಚಹಾಕ್ಕಿಟ್ಟಳು. ಸಕ್ಕರೆಯ ಡಬ್ಬಿ ಮಾಡದಲ್ಲಿ ಬೋಗೋಣಿಗಳ ಹಿಂದೆ ಸಿಕ್ಕಿಕೊಂಡಿತ್ತು. ಒಂದು ಕೈಯಿಂದ ಬೋಗೋಣಿಗಳನ್ನು ಸರಿಸಿ ಇನ್ನೊಂದು ಕೈಯಲ್ಲಿ ಸಕ್ಕರೆ ತೆಗೆದುಕೊಂಡವಳು ಹಾಗೇ ನಿಂತುಬಿಟ್ಟಳು. ಇಷ್ಟು ತಿಂಗಳಿನಿಂದ ಬೋಗೋಣಿ ಬರಿದು ಕೊಡಲಾರದೆ ಒದ್ದಾಡುತ್ತಿರುವವಳು ತಾನು. ಅಂಥ ತಾನೇ ಓಣಿಯ ಹೆಂಗಸರ ಕೈಗೆ ತುಂಬಿದ ಡಬ್ಬಿ ಕೊಟ್ಟು, ಖಾಲಿ ಮಾಡಿ ವಾಪಸ್ ತನ್ನಿರಿ ಎಂದಿದ್ದಳು.

“ಹಾಲು ಉಕ್ಕಾಕತ್ತೈತಿ,” ಎಂದು ಶಿವಯೋಗಿ ಒಳಗೆ ಬರುವಷ್ಟರಲ್ಲಿ ಅದು ಉಕ್ಕಿ ಹೋಗಿತ್ತು, ನೀಲಾ ಹಿತ್ತಲಿಗೆ ಹೋಗಿದ್ದಳು.

ಹಿತ್ತಲ ಗೋಡೆಯಾಚೆ ಮಾಬೂಬಿಯ ಸೊಸೆ ರಿಹಾನಾ ಕೂಸಿನ ಬಟ್ಟೆ ಹಿಂಡಿ ಹಾಕುತ್ತಿದ್ದಳು. ಈ ಓಣಿಯೂ ಪ್ರಯೋಗದಲ್ಲಿತ್ತು. ಏಳು ತಿಂಗಳ ಕೂಸಿದ್ದುದರಿಂದ ಅವಳ ಹೆಸರಿಗೂ ಒಂದು ಡಬ್ಬಿ ಬರುತ್ತಿತ್ತು.

“ರಿಹಾನಾ, ಖರೆ ಹೇಳು. ನೀವೆಲ್ಲ ಡಬ್ಬಿ ತುಂಬಿಸಿ ಕೊಡಾಕತ್ತೀರೇನು?”

ರಿಹಾನಾ ಕಳ್ಳಿಯ ಹಾಗೆ ಅತ್ತಿತ್ತ ನೋಡಿದಳು. “ಬೈಬ್ಯಾಡ್ರಿ ಅಕ್ಕಾ. ಕೊಟ್ಟವರಿಗೆ ಖಾಲಿ ಹೆಂಗ ಕೊಡೂದ್ರಿ? ಮೊದಲನೇ ವಾರ ನಮ್ಮತ್ತಿನ ಅಂದ್ರು, ಒಂದು ಚಮಚೆ ಸಕ್ಕರಿ ಹಾಕಿದಂಗ, ನಮ್ಮದೂ ಒಂದೀಟು ನಿದ್ದಿ ಹಾಕಿ ಕೊಡೂಣು ಅಂತ. ಗುಂಡಿ ಆ ಕಡೆ ಸರಿಸಿದ್ರ ತುಂಬತೈತಿ ಅಂತ ಹಾಸ್ಟೆಲಿನ ಹುಡುಗರು ಹೇಳಿದ್ರು. ಓಣ್ಯಾಗ ಎಲ್ಲಾರೂ ಹಂಗ ಮಾಡಿದ್ವಿ.”

“ಮತ್ತ ನಾವು ಕೊಟ್ಟ ನಿದ್ದಿ?”

ರಿಹಾನಾ ಕೈಯಲ್ಲಿದ್ದ ಬಟ್ಟೆಯನ್ನು ಮತ್ತೆ ಮತ್ತೆ ಕೊಡವಿದಳು. “ಒಂದ ಸಲ ತೊಗೊಂಡೆ ಅಕ್ಕಾ. ಸತ್ತಂಗ ನಿದ್ದಿ ಬಂತು. ಏಳೂದ್ರಾಗ ಕೂಸು ಅತ್ತು ಅತ್ತು ದನಿ ಬಿದ್ದಿತ್ತು. ಮತ್ತ ಮುಟ್ಟಲಿಲ್ಲ. ಎಲ್ಲಾರ ಮನ್ಯಾಗೂ ಅದ ಕತಿ.”

“ಕೇಳಾಕ ಬಂದವರಿಗೆ ಚಲೋ ಐತಿ ಅಂದ್ರಿ?”

“ಅಷ್ಟ ಅಕ್ಕರತೆಲೆ ಕೊಟ್ಟವರ ಮುಂದ ಹೆಂಗ ಅನ್ನೂದು?”

ನೀಲಾ ಗೋಡೆಗೆ ಕೈಯೂರಿ ನಿಂತಳು. ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದ ತಪ್ಪು ಊರ ತುಂಬ ಹಂಚಿಹೋಗಿತ್ತು, ಯಾರೂ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಅಳು ಬಂತು, ನಗುವೂ ಬಂತು.

“ಆಮ್ಯಾಲ ಓಣ್ಯಾಗ ಅದಲಬದಲಿ ಆದ್ವು,” ರಿಹಾನಾ ಧೈರ್ಯ ತಂದುಕೊಂಡು ಮುಂದುವರಿಸಿದಳು. “ಒಬ್ಬಾಕಿ ತುಂಬಿಸಿದ್ದು ನಾನು ತೊಗೊಂಡೆ, ನಾನು ತುಂಬಿಸಿದ್ದು ಇನ್ನೊಬ್ಬಾಕಿ. ಅದರಾಗ ಕೂಸು ಕುಂಯ್ ಅಂದ್ರ ಎಚ್ಚರ ಆಗತೈತ್ರಿ. ಮತ್ತ ಮಕ್ಕೊಂಡ್ರ ಮತ್ತ ನಿದ್ದಿ. ಹಂಗಂತ ತುಂಬಿಸೂದು ಆಟ ಅಲ್ಲ. ನಮಗಂತ ಅಡ್ಡ ಆದ್ರ ಐದು ನಿಮಿಷಕ್ಕ ಭಾಂಡಿ ನೆನಪಾಗತಾವು, ಎದ್ದು ಬಿಡತೀವಿ. ಇನ್ನೊಬ್ಬರಿಗೆ ಕೊಡೂದು ಅಂದ್ರ ಹಂಗ ಅರ್ಧಮರ್ಧ ಮಕ್ಕೊಂಡ್ರ ನಡೀತೈತೇನ್ರಿ? ಹುಳಿ ಮಜ್ಜಿಗಿ ಕೊಟ್ಟಂಗ ಆಗತೈತಿ. ಅದಕ್ಕ ಪಾಳಿ ಹಚ್ಚೇವಿ. ಒಬ್ಬರು ಹುಡುಗರನ್ನ ನೋಡೂದು, ಉಳದವರು ಚೊಲೊತ್ನಂಗ ಮಕ್ಕೊಳ್ಳೂದು.”

ಒಳಗೆ ಹೋಗಿ ಅವಳು ಒಂದು ಡಬ್ಬಿ ತಂದು ಗೋಡೆಯ ಮೇಲಿಟ್ಟಳು. “ಇದು ತುಂಬೇತಿ. ತೊಗೋರಿ ಅಕ್ಕಾ. ನಿಮ್ಮ ಮಾರಿ ನೋಡಾಕ ಆಗವಲ್ಲದು.”

ಭಾನುವಾರ ಮಧ್ಯಾಹ್ನ ನೀಲಾ ಡಬ್ಬಿಯನ್ನು ಕೈಯಲ್ಲಿ ಹಿಡಿದು ಹಾಸಿಗೆಯ ಮೇಲೆ ಬಹಳ ಹೊತ್ತು ಕೂತಿದ್ದಳು. ಜರಡಿ ಹಿಡಿಯದ ನಿದ್ದೆ, ಮುಳ್ಳು ತುಂಬಿದ್ದು. ಅದನ್ನು ಬಳಸಬಾರದೆಂಬ ನಿಯಮ ಬರೆದವಳೂ ಅವಳೇ. ಚುಕ್ಕಿ ಪಕ್ಕದಲ್ಲಿ ನಿದ್ದೆ ಹೋಗಿತ್ತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಶಿವಯೋಗಿ ಕಾವಲು ಕೂತಿದ್ದ, ಹಬೆಯಂತ್ರ ತೊಡೆಯ ಮೇಲೆ.

“ನನಗ ಏಳಾಕ ಆಗಲಿಲ್ಲಂದ್ರ?”

“ನಾ ಅದೀನಲ್ಲ.”

“ನೀವ ಮಕ್ಕೊಂಡಬಿಟ್ರ?”

“ಕೂತ ಮಕ್ಕೊಳ್ಳಾಕ ನಾನೇನು ಆಫೀಸಿನ ಮನಶ್ಯಾನ? ಸುಮ್ಮನ ಕಟ್ಟಿಗೋ.”

ಅವಳು ಪಟ್ಟಿ ಕಟ್ಟಿಕೊಂಡಳು.

ಹಿಂದಿನ ಸಲದ ಹಾಗೆ ಬಾವಿಗೆ ಬಿದ್ದಂತಾಗಲಿಲ್ಲ. ಸೊಂಟದ ಮಟ್ಟದ ನೀರಿಗೆ ಮೆಲ್ಲಗೆ ಇಳಿದಂತಾಯಿತು. ಡಬ್ಬಿಯಲ್ಲಿ ಕನಸು ಬರುವುದಿಲ್ಲ, ಮುಖ ಕಾಣುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಆದರೆ ಯಾವುದೋ ಒಂದು ಕಿವಿ ಎಚ್ಚರವಾಗಿತ್ತು. ಅದು ಅವಳದಲ್ಲ. ಯಾರೋ ಅವಳ ಬದಲು ಕಿವಿಗೊಟ್ಟು ಕೂತಿದ್ದರು, ಹಾಗಾಗಿ ಅವಳ ಕಿವಿಗೆ ಆಗ ಕೆಲಸವಿರಲಿಲ್ಲ. ಎಷ್ಟೋ ತಿಂಗಳಿನಿಂದ ಬಿಗಿದುಕೊಂಡಿದ್ದ ಹೆಗಲು ಸಡಿಲಾದದ್ದು ಅವಳಿಗೆ ನಿದ್ದೆಯಲ್ಲೇ ತಿಳಿಯಿತು.

ಸುಯ್ಯೆಂದಿತು. ಇನ್ನೂ ಸರಿಯಾಗಿ ಸದ್ದೂ ಆಗದ, ಎದೆಯೊಳಗೇ ಇದ್ದ ಒಂದು ಎಳೆ. ನೀಲಾ ಎದ್ದು ಕೂತಿದ್ದಳು. ಕುರ್ಚಿಯಲ್ಲಿದ್ದ ಶಿವಯೋಗಿಗೆ ಇನ್ನೂ ಕೇಳಿಸಿರಲಿಲ್ಲ. ಅವನ ಕೈಯಿಂದ ಹಬೆಯಂತ್ರ ತೆಗೆದುಕೊಂಡು ಚುಕ್ಕಿಯ ಮುಖಕ್ಕೆ ಹಿಡಿದಳು. ತುಟಿ ನೀಲಿಯಾಗುವ ಮಾತೇ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕೂಸು ಹಗುರಾಗಿ ಉಸಿರಾಡುತ್ತ ಮತ್ತೆ ನಿದ್ದೆ ಹೋಯಿತು. ಅವಳೂ ಪಟ್ಟಿ ಬಿಚ್ಚದೆ ಒರಗಿದಳು, ನಿದ್ದೆ ಬಿಟ್ಟಲ್ಲಿಂದಲೇ ಮತ್ತೆ ಹತ್ತಿತು.

ಡಬ್ಬಿ ಖಾಲಿಯಾಗಿ ಎದ್ದಾಗ ಉಂಗುರ ಹಸಿರಾಗಿತ್ತು. ಶಿವಯೋಗಿ ಅವಳ ಬೆರಳು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅವನ ಕಣ್ಣಲ್ಲಿ ನೀರಿತ್ತು.

“ಚಲೋ ಆತಲ್ಲ. ಮತ್ತ್ಯಾಕ ಹಂಗ ಕುಂತಿ?”

ನೀಲಾ ಗೋಡೆಯನ್ನೇ ನೋಡುತ್ತ ಕೂತಿದ್ದಳು. “ರಿಹಾನಾ ತುಂಬಿಸಿದ್ದು ಅಂತ ತಿಳಿದಿದ್ದೆ. ಆಕಿ ಕಿವಿ ಆಗಿದ್ರ ಕೂಸಿನ ಅಳು ಕಾಯಬೇಕಿತ್ತು. ಇದು ಅಳು ಕಾಯಾಕತ್ತಿರಲಿಲ್ರಿ. ಉಬ್ಬಸದ ಸದ್ದು ಕಾಯಾಕತ್ತಿತ್ತು.”

“ಓಣ್ಯಾಗ ಮತ್ಯಾರ ಹುಡುಗರಿಗೆ ಉಬ್ಬಸ ಐತಿ?”

“ಯಾರಿಗೂ ಇಲ್ಲ. ಮತ್ತ ಅದು ಪಕ್ಕದಾಗ ಮಲಗಿದ ಕೂಸಿನ ಕಡೆ ಇಟ್ಟ ಕಿವಿ ಅಲ್ಲ. ಗ್ವಾಡಿ ಆಚೆ ಇಟ್ಟ ಕಿವಿ.”

ಇಬ್ಬರೂ ಗೋಡೆಯ ಕಡೆ ನೋಡಿದರು. ಗೋಡೆಯಾಚೆ ಮಾಬೂಬಿಯ ಮಂಚವಿತ್ತು. ಶ್ರಾವಣದಿಂದ ಈಚೆಗೆ ಆ ಮುದುಕಿ ಮಲಗಿದಾಗಲೆಲ್ಲ ಒಂದು ಕಿವಿಯನ್ನು ಚುಕ್ಕಿಯ ಎದೆಯ ಮೇಲಿಟ್ಟೇ ಮಲಗುತ್ತಿದ್ದಳು. ಇದು ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ದೇಸಾಯರು ಮೊಹರುಗಳ ಪೆಟ್ಟಿಗೆ ತೆರೆದಿಟ್ಟುಕೊಂಡು ತಯಾರಾಗಿ ಕೂತಿದ್ದರು. ನೀಲಾ ಅದರ ಮುಚ್ಚಳ ಹಾಕಿದಳು.

“ಮೊಹರು ಬ್ಯಾಡ್ರಿ ಸರ್. ಅಳಿಸೂದೂ ಬ್ಯಾಡ. ಜರಡಿ ಬಂದ್ ಮಾಡೂಣು.”

“ಜರಡಿ ನಿಮ್ಮದ ಅಲ್ಲೇನ್ರಿ?”

“ನನ್ನದ ರಿ. ಅದಕ್ಕ ಹೇಳಾಕತ್ತೀನಿ. ನಾವು ಕಸ ಅಂತ ತೆಗದಿದ್ದು ಕಸ ಅಲ್ರಿ, ಕಿವಿ. ಅದನ್ನ ತೆಗೆದು ಕೊಟ್ಟೇವಿ, ತಾಯಂದಿರು ಅಂಜಿ ಬಿಟ್ಟಾರ. ಅವರು ಒಬ್ಬರ ಕಿವಿ ಒಬ್ಬರಿಗೆ ಕೊಟ್ಟು ಮಕ್ಕೊಳ್ಳಾಕತ್ತಾರ.”

ದೇಸಾಯರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. “ಅಲೆಯೊಳಗ ಕಿವಿ ಹೆಂಗ ಬರತದ? ಇನ್ನೊಬ್ಬರ ಕಿವಿ ಕಾಯಲಿಕ್ಕತ್ತಿದ್ರ ಇವರಿಗೆ ಹೆಂಗ ಎಚ್ಚರ ಆಗತದ? ತುಂಬಿಸಿದ್ದಕ್ಕ ಹಸಿರ ಆತೋ, ತೊಗೊಂಡಿದ್ದಕ್ಕ ಹಸಿರ ಆತೋ? ಕಾರಣ ಏನಂತ ಬರೀಲಿ?”

“ಗೊತ್ತಿಲ್ರಿ,” ಎಂದಳು ನೀಲಾ. ಕೇಂದ್ರಕ್ಕೆ ಸೇರಿದಾಗಿನಿಂದ ಆ ಮಾತನ್ನು ಅವಳು ಇಷ್ಟು ನೆಮ್ಮದಿಯಿಂದ ಹೇಳಿರಲಿಲ್ಲ. “ಗೊತ್ತಿಲ್ಲ ಅಂತನ ಬರೀರಿ. ಗೊತ್ತಾಗೂತನಕ ಕೇಂದ್ರ ಮುಚ್ಚಾಕ ಬರಂಗಿಲ್ಲಲ್ಲ.”

ಅದು ದೇಸಾಯರಿಗೆ ಹಿಡಿಸಿತು. ಮೊಹರಿನ ಪೆಟ್ಟಿಗೆ ಕಪಾಟು ಸೇರಿತು. ಹಾಸ್ಟೆಲಿನ ತರುಣರಿಗೆ ಮಾತ್ರ ಚಿಂತೆ ಹತ್ತಿತು. ಅವರಲ್ಲೊಬ್ಬ, ನಾವೂ ಮದುವೆಯಾಗಬೇಕಾ ಮೇಡಂ, ಎಂದು ಕೇಳಿದನಂತೆ.

ಅಂದು ನೀಲಾ ಮಧ್ಯಾಹ್ನಕ್ಕೇ ರಜೆ ಹಾಕಿ ಮನೆಗೆ ಬಂದಳು. ಪಾಳಿ ಮುಗಿಸಿ ಬಂದ ಶಿವಯೋಗಿಗೆ ರಿಹಾನಾಳ ಖಾಲಿ ಡಬ್ಬಿ ಕೊಟ್ಟು, ಗುಂಡಿ ಆ ಕಡೆ ಸರಿಸಿ, ಮಲಗಿ ತುಂಬಿಸಿರೆಂದಳು.

“ನನ್ನ ಗೊರಕಿ ನಿದ್ದಿ ಯಾರ ತೊಗೋತಾರ?”

“ನಾ ತೊಗೋತೀನಿ. ಚೊಲೊತ್ನಂಗ ಮಕ್ಕೋರಿ, ಕೆಡಿಸಬ್ಯಾಡ್ರಿ.”

ಕೊಡುವುದೆಂದ ಮೇಲೆ ಅವನೂ ತಕರಾರಿಲ್ಲದೆ ಕಾಲು ಚಾಚಿದ. ನೀಲಾ ಚುಕ್ಕಿಯನ್ನು ಬಗಲಲ್ಲೆತ್ತಿಕೊಂಡು, ಮೂರೂ ಬೋಗೋಣಿಗಳನ್ನು ಒಂದರೊಳಗೊಂದಿಟ್ಟು ಪಕ್ಕದ ಮನೆಗೆ ಹೋದಳು.

ರಿಹಾನಾ ಪೇಟೆಗೆ ಹೋಗಿದ್ದಳು. ಮಾಬೂಬಿ ತೊಟ್ಟಿಲು ತೂಗುತ್ತ ಕೂತವಳು ಬೋಗೋಣಿಗಳ ಒಳಗೆ ಇಣುಕಿ ನೋಡಿದಳು. ಏನೂ ಇರಲಿಲ್ಲ, ಒಂದು ಹರಳು ಸಕ್ಕರೆ ಕೂಡ.

“ಖಾಲಿ ತಂದೀಯೇನು ನೀಲವ್ವಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು.

“ಖಾಲಿ ಅಲ್ಲ ಚಾಚಿ. ನೀವು ಮಕ್ಕೋರಿ. ತೊಟ್ಟಲಾ ನಾ ತೂಗತೀನಿ.”

“ಹುಚ್ಚಿ, ಈ ಹೊತ್ತಿನ್ಯಾಗ ನನಗೆಂಥಾ ನಿದ್ದಿ? ಮಕ್ಕೊಂಡ್ರೂ ನನ್ನ ಕಿವಿ ಮಕ್ಕೊಳ್ಳಂಗಿಲ್ಲ.”

“ಗೊತ್ತೈತಿ,” ಎಂದಳು ನೀಲಾ. “ಇವತ್ತ ನನ್ನ ಕಿವಿ ಐತಲ್ಲ. ಮೊಮ್ಮಗನೂ ಇಲ್ಲೇ ಅದಾನ, ಚುಕ್ಕಿನೂ ನನ್ನ ಬಗಲಾಗ ಐತಿ. ಗ್ವಾಡಿ ಆಚೆ ಕೇಳೂದು ಏನೂ ಇಲ್ಲ ಚಾಚಿ. ನಿಮ್ಮ ಬೋಗೋಣ್ಯಾಗ ಇದನ್ನ ಹಾಕಿ ತಂದೀನಿ.”

ಅರ್ಥವಾಯಿತೋ ಇಲ್ಲವೋ, ತಂದದ್ದನ್ನು ಬೇಡವೆನ್ನುವುದು ಮಾಬೂಬಿಗೆ ತಿಳಿಯದು. ಬೋಗೋಣಿಗಳನ್ನು ತೆಗೆದುಕೊಂಡು ಒಳಗಿಟ್ಟಳು. ಸೆರಗು ಸರಿಮಾಡಿಕೊಂಡು, ಗೋಡೆಯ ಪಕ್ಕದ ಮಂಚದ ಮೇಲೆ ಅನುಮಾನಿಸುತ್ತ ಒರಗಿದಳು. ಎರಡು ಸಲ ತಲೆಯೆತ್ತಿ ನೋಡಿದಳು. ಎರಡು ಸಲವೂ ನೀಲಾ ತೊಟ್ಟಿಲು ತೂಗುತ್ತಲೇ ಇದ್ದಳು, ಚುಕ್ಕಿ ತೊಡೆಯ ಮೇಲೆ ಆಡುತ್ತಲೇ ಇತ್ತು. ಮೂರನೆಯ ಸಲ ತಲೆ ಏಳಲಿಲ್ಲ.

ಅವಳ ತಲೆಗೆ ಪಟ್ಟಿ ಇರಲಿಲ್ಲ, ಮಂಚದ ಹತ್ತಿರ ಡಬ್ಬಿಯೂ ಇರಲಿಲ್ಲ. ಮುದುಕಿ ಬಾಯಿ ತೆರೆದು, ಸದ್ದು ಮಾಡುತ್ತ, ಸಂಜೆಯ ಚಹಾದ ಹೊತ್ತು ಮೀರಿದರೂ ಏಳದೆ ಮಲಗಿದಳು. ಆ ನಿದ್ದೆ ಯಾರಿಗೂ ಹೋಗಲಿಲ್ಲ, ಪೂರಾ ಅವಳದೇ ಆಗಿತ್ತು.